ಬಾಟಲಿಯ ಮೇಲಿನ ಹೆಸರು

ಲಗ್ಗೆರೆ
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಚನ್ನಕ್ಕನಿಗೆ ನೀಲಾಳ ನಮಸ್ಕಾರ.

ಫೋನು ಇರುವಾಗ ಕಾಗದ ಯಾಕೆ ಎಂದು ಬೈಯಬೇಡ. ನಮಗಿರುವುದು ಒಂದೇ ಕೋಣೆ, ನಾನಾಡುವ ಮಾತೆಲ್ಲ ಪಾರುವಿನ ಕಿವಿಗೆ ಬೀಳುತ್ತದೆ. ಎಂಟು ವರ್ಷದ ಹುಡುಗಿ, ಕಿಡ್ನಿ ಎಂದರೆ ಸಾಕು, ಉಣ್ಣುವುದನ್ನು ಬಿಟ್ಟು ನನ್ನ ಮುಖ ನೋಡುತ್ತಾಳೆ. ಊರಿಗೆ ಹೊರಟಿರುವ ಶೇಖವ್ವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ಪಂಚಮಿ ಮುಗಿಸಿ ಬಂದ ವಾರವೇ ಪಾರುವಿನ ಕಾಲ ತುಂಬ ನೇರಳೆ ಚುಕ್ಕೆ ಎದ್ದವಲ್ಲ, ಅದು ರಕ್ತನಾಳದ ಉರಿಯೂತವಂತೆ. ನೀನು ಸೊಳ್ಳೆ ಎಂದೆ, ನಾನೂ ನಂಬಿ ಕೊಬ್ಬರಿ ಎಣ್ಣೆ ಹಚ್ಚಿದೆ. ಇಬ್ಬರೂ ಒಳ್ಳೇ ಜಾಣೆಯರು! ಚುಕ್ಕೆ ಹೋದವು, ಜೊತೆಗಿದ್ದ ಹೊಟ್ಟೆನೋವೂ ಹೋಯಿತು. ಆದರೆ ಕೆಲವು ಮಕ್ಕಳಿಗೆ ಅದು ಆಮೇಲೆ ಕಿಡ್ನಿಗೂ ತಗಲುತ್ತದಂತೆ, ತಗಲಿದರೆ ಬಿಡುವುದೇ ಇಲ್ಲವಂತೆ. ನನ್ನ ಮಗಳಿಗೆ ಏನಾಗುತ್ತದೆ ಹೇಳಿ ಎಂದು ಡಾಕ್ಟರ್ ಆಶಾರಾಣಿಯವರನ್ನು ಅಂಗಲಾಚಿದೆ. "ಈಗ್ಲೇ ಹೇಳಕ್ಕಾಗಲ್ಲಮ್ಮ. ಆರು ತಿಂಗಳು, ತಿಂಗಳಿಗೊಂದ್ಸಲ ಬೆಳಗಿನ ಮೊದಲ ಮೂತ್ರ ತಂದ್ಕೊಡಿ, ಅದನ್ನ ನೋಡೇ ನಾವು ಹೇಳೋದು" ಎಂದರು.

ಎರಡು ಸಲ ಏನೂ ಇರಲಿಲ್ಲ. ಹೋದ ತಿಂಗಳ ಮೂರನೆಯದೂ ಚೆನ್ನಾಗಿ ಬಂತು. ಡಾಕ್ಟರ್ ನಕ್ಕು, ಇನ್ನು ಎರಡು ತಿಂಗಳು ಬಿಟ್ಟು ಬನ್ನಿ ಎಂದರು. ನಮ್ಮ ಮನೆಯವರು ಪೇಡೆ ತಂದು ವಠಾರಕ್ಕೆಲ್ಲ ಹಂಚಿದರು. ನಾನು ಉಪವಾಸ ಎಂದು ಹೇಳಿ ತಿನ್ನಲಿಲ್ಲ.

ಈಗ ನಾಲ್ಕು ದಿನದಿಂದ ಏಳುವಾಗಲೇ ಅವಳ ರೆಪ್ಪೆ ಊದಿರುತ್ತದೆ. ಮೊಣಕಾಲ ಕೆಳಗೆ ಒತ್ತಿದರೆ ಕುಳಿ ಬೀಳುತ್ತದೆ. "ರಿಪೋರ್ಟ್ ಚಲೋ ಬಂದೈತಲ್ಲ, ಸುಮ್ಮನ ಯಾಕ ಹೆದರ್ತಿ" ಎನ್ನುತ್ತಾರೆ ಇವರು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ನನ್ನ ಹೊಲಿಗೆ ನೆಟ್ಟಗೆ ಬರುತ್ತಿಲ್ಲ, ಸೂಪರ್‌ವೈಸರ್ ನಿನ್ನೆ ಎರಡು ಸಲ ಬಿಚ್ಚಿಸಿದ. ಭಯವಾಗುತ್ತಿದೆ ಅಕ್ಕಾ. ನಾಳೆ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ.

ನಿನ್ನ ತಂಗಿ,
ನೀಲಾಂಬಿಕಾ

ತಾ.ಕ.: ಹೋದ ತಿಂಗಳ ಬಾಟಲಿಯಲ್ಲಿದ್ದದ್ದು ಪಾರುವಿನದಲ್ಲ, ಅವಳ ತಮ್ಮ ಬಸಲಿಂಗನದು. ಅವತ್ತು ನಾನು ನಲ್ಲಿಯಲ್ಲಿ ನೀರು ಹಿಡಿದು ಬರುವಷ್ಟರಲ್ಲಿ ಅವಳು ಕಕ್ಕಸಿಗೆ ಹೋಗಿ ಬಂದುಬಿಟ್ಟಿದ್ದಳು. ಇನ್ನೊಂದು ದಿನ ರಜೆ ಕೇಳಿದರೆ ಕೆಲಸಕ್ಕೇ ಬರಬೇಡ ಎಂದಿದ್ದ ಸೂಪರ್‌ವೈಸರ್. ಮಲಗಿದ್ದ ಚಿಕ್ಕವನನ್ನು ಎಬ್ಬಿಸಿ ಬಾಟಲಿ ಹಿಡಿದೆ, ಮೇಲೆ ಅವಳ ಹೆಸರು ಬರೆದೆ. ಎರಡು ಸಲ ಏನೂ ಇರಲಿಲ್ಲವಲ್ಲ, ಇದೂ ಹಾಗೇ ಇರುತ್ತದೆ ಅಂದುಕೊಂಡೆ. ಮನೆಯವರಿಗೂ ಗೊತ್ತಿಲ್ಲ. ಕಾಗದ ಓದಿದ ಕೂಡಲೇ ಫೋನ್ ಮಾಡಿ, ಡಾಕ್ಟರಿಗೆ ಹೇಳಿದೆಯೇನೇ ಎಂದಷ್ಟೇ ಕೇಳು. ನಾನು ತಡವರಿಸಿದರೆ ಬಸ್ಸು ಹತ್ತಿ ಬಾ.