ಎಣಿಕೆ ಅಳಿಸದ ಹಾಡು

ಭಾನುವಾರ, ಬೆಳಗ್ಗೆ

ಪ್ರೀತಿಯ ಅಣ್ಣನಿಗೆ,

ನಿಮ್ಮ ತಂಗಿಯ ನಮಸ್ಕಾರಗಳು. ನಿಮ್ಮ ಬ್ಯಾಂಡಿನ ಹಾಡಿಗೆ ಐವತ್ತು ವರ್ಷ ತುಂಬಿದ್ದಕ್ಕೆ ಕಂಪನಿಯವರು ಹೊರತರುತ್ತಿರುವ ರೆಕಾರ್ಡ್ ನಿನ್ನೆ ಕೈಸೇರಿತು. ಅಂಚೆಯವನು ಮೆಟ್ಟಿಲು ಹತ್ತಿ ಬಂದು, ಬಗ್ಗಿಸಬಾರದು ಅಂತ ಬರೆದಿದೆ, ಹುಷಾರು ಎಂದು ಎರಡೂ ಕೈಯಲ್ಲಿ ಕೊಟ್ಟುಹೋದ. ಹೊದಿಕೆಯ ಮೇಲೆ ನೀವು ನಾಲ್ವರೂ ನಿಂತಿದ್ದೀರಿ. ಕೊನೆಯವರು ನಮ್ಮವರು. ಕೋಟು ಎರವಲಿನದು, ಕೂದಲಲ್ಲಿರುವ ಧೂಳು ಸ್ವಂತದ್ದು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ಕಟ್ಟುತ್ತದೆ, ನಿಮ್ಮ ಕಿವಿಗೆ ಅದು ತಪ್ಪುವುದಿಲ್ಲ. ಅದಕ್ಕೇ ಬರೆಯಲು ಕುಳಿತೆ.

ಹೋದ ತಿಂಗಳು ನೀವು ಮೊದಲ ಮಾದರಿ ಕಳಿಸಿದ್ದಿರಿ. ಎಷ್ಟು ಚೊಕ್ಕವಾಗಿದೆ ಕೇಳು, ನಿನ್ನೆ ಹಾಡಿದ ಹಾಗಿದೆ ಎಂದು ಚೀಟಿಯಲ್ಲಿ ಬರೆದಿದ್ದಿರಿ. ಚೊಕ್ಕವಾಗಿಯೇ ಇತ್ತು. ಗುಡಿಸಿದ ರಭಸಕ್ಕೆ ಮನೆಯವರನ್ನೂ ಗುಡಿಸಿ ಹಾಕಿದಷ್ಟು ಚೊಕ್ಕ. ಮುಳ್ಳು ಇಟ್ಟ ಕೂಡಲೇ ಗಿಟಾರು, ಅದರ ಹಿಂದೆಯೇ ನೀವು. ನಾನು ಫೋನು ಮಾಡಿ ಒಂದೇ ಮಾತು ಕೇಳಿದೆ: "ಅಣ್ಣಾ, ಅವರೆಲ್ಲಿ?"

ಶುರುವಿನ ಆ ಎಣಿಕೆ ತಪ್ಪಾಗಿ ಉಳಿದದ್ದಲ್ಲವೇ, ಅಳಿಸುವಂತೆ ನಾನೇ ಹೇಳಿದೆ ಎಂದಿರಿ.

ತಪ್ಪೇ, ನಾನು ಅಲ್ಲಗಳೆಯುವುದಿಲ್ಲ. ಸ್ಟುಡಿಯೋ ಹೊರಗಿನ ಬೆಂಚಿನ ಮೇಲೆ ನಾನೂ ಕುಳಿತಿದ್ದೆನಲ್ಲ. ಬೇರೆ ಡ್ರಮ್ಮರುಗಳು ಹಾಡು ಶುರುಮಾಡಲು ಕೋಲಿಗೆ ಕೋಲು ತಟ್ಟಿ ಎಣಿಸಿದರೆ ಇವರದು ಬಾಯೆಣಿಕೆ. ಆ ದಿನ ಬೆಳಗಿನಿಂದ ಯಾರದೋ ಮನೆ ಸಾಮಾನು ಮೂರನೇ ಮಹಡಿಗೆ ಸಾಗಿಸಿ ನೇರ ಅಲ್ಲಿಗೇ ಬಂದಿದ್ದರು. ಬೀರು ಹೊರುವವನೆಂದು ನೀವೆಲ್ಲ ಅವರಿಗೆ ಇಟ್ಟ ಹೆಸರೂ 'ಬೀರು'. ದಿನವಿಡೀ ಹಗ್ಗದ ಆ ತುದಿಯವನಿಗೆ ಕೂಗಿದ್ದೇ ನಾಲಿಗೆಯಲ್ಲಿ ಉಳಿದಿತ್ತೇನೋ, ಮೈಕಿನ ಮುಂದೆಯೂ 'ನಾಲ್ಕು' ಎನ್ನುವ ಬದಲು, "ಒಂದು, ಎರಡು, ಮೂರು, ಎತ್ತು!" ಎಂದುಬಿಟ್ಟರು. ನಿಮಗೆ ನಗು ತಡೆಯಲಾಗದೆ ಮೊದಲ ಸಾಲಿನಲ್ಲೇ ಗಂಟಲು ಒಡೆಯಿತು. ಸ್ಟುಡಿಯೋದಲ್ಲಿ ನಿಮ್ಮ ಸಮಯ ಮುಗಿದಿತ್ತು, ಇನ್ನೊಮ್ಮೆ ಹಾಡಲು ಬಿಡಲಿಲ್ಲ. ಇದ್ದದ್ದು ಇದ್ದ ಹಾಗೇ ಅಚ್ಚಾಯಿತು.

ಆ ಒಡಕು ನಿಮ್ಮನ್ನು ಎಷ್ಟು ಕಾಡಿದೆ ಎಂಬುದೂ ನನಗೆ ಗೊತ್ತು. ಹತ್ತು ವರ್ಷವಾದಾಗ ರೇಡಿಯೋದವರು ಅಷ್ಟನ್ನೇ ಮೂರು ಸಲ ಹಾಕಿ ನಕ್ಕರು. ಇಪ್ಪತ್ತೈದಾದಾಗ ವೇದಿಕೆಯ ಮೇಲೆ ನಿರೂಪಕ, ಎಲ್ಲಿ ಸಾರ್, ಒಂದು ಸಲ ಗಂಟಲು ಒಡೆದು ತೋರಿಸಿ ಎಂದ. ನೀವು ನಕ್ಕು ತೋರಿಸಿದಿರಿ. ಮನೆಗೆ ಬಂದ ಮೇಲೆ ಇವರು ಷೂ ಬಿಚ್ಚುತ್ತಾ, "ನನ್ನ ಬಾಯಿಗೆ ಬೀಗ ಇಲ್ಲ ನೋಡು. ಪಾಪ, ಅವ್ನು ಅನುಭವಿಸ್ತಿದ್ದಾನೆ" ಎಂದರು.

ಆದರೆ ಅಣ್ಣಾ, ಇವರು ಯಾವ ಹಾಡಿನಲ್ಲೂ ದನಿಗೂಡಿಸಿದವರಲ್ಲ. ಅಂಗಿಗಳಿವೆ, ಫೋಟೊಗಳಿವೆ, ದನಿ ಇರುವುದು ಆ ನಾಲ್ಕು ಮಾತಿನಲ್ಲಿ ಮಾತ್ರ. ಹಾಡನ್ನು ನಾನು ದಿನಾ ಕೇಳುತ್ತೇನೆ. ನನ್ನ ಹಳೆಯ ರೆಕಾರ್ಡ್ ಸವೆದು 'ಎರಡು' ಪೂರ್ತಿ ಮುಳುಗಿದೆ, 'ಮೂರು' ಮುಳುಗುತ್ತಿದೆ. ಕೊನೆಕೊನೆಗೆ ಅವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಕಂಕುಳಿಗೆ ಕೈಕೊಟ್ಟು ನಾನೇ ಎಣಿಸುತ್ತಿದ್ದೆ. ಮೂರರವರೆಗೆ ನನ್ನದು, 'ಎತ್ತು' ಮಾತ್ರ ಅವರದೇ. ಉಸಿರಿಲ್ಲದಾಗಲೂ ಅದನ್ನು ಬಿಟ್ಟುಕೊಡಲಿಲ್ಲ.

ಇದನ್ನೆಲ್ಲ ಆ ದಿನ ಫೋನಿನಲ್ಲಿ ನಿಮಗೆ ಹೇಳಲಾಗಲಿಲ್ಲ. ನಾನು ಹೇಳದೆಯೇ ನೀವು ಮತ್ತೆ ಸ್ಟುಡಿಯೋಗೆ ಹೋದಿರಿ. ಬೇಸ್ ಗಿಟಾರಿನ ಉದ್ದಣ್ಣ ಬಂದಿದ್ದಾಗ ಎಲ್ಲ ಹೇಳಿದರು. 'ಎತ್ತು' ಅನ್ನುವುದರೊಳಗೇ ನಿಮ್ಮ ನಗು ಶುರುವಾಗಿದೆ, ಎರಡೂ ಹೆಣೆದುಕೊಂಡಿವೆ, ಎಣಿಕೆ ಉಳಿಸಿದರೆ ನಗುವೂ ಒಡಕೂ ಉಳಿಯುತ್ತವೆ, ಯೋಚಿಸಿ ಎಂದು ಇಂಜಿನಿಯರ್ ಅಂದರಂತೆ. ನೀವು ಕಿವಿಯ ಮೇಲಿನ ಹೆಡ್‌ಫೋನ್ ತೆಗೆದಿಟ್ಟು ಹೇಳಿದಿರಂತೆ: "ನನ್ನ ಗಂಟಲು ಒಡೆದ್ರೆ ಒಡೀಲಿ ಬಿಡಿ. ಬೀರು ಹೇಳ್ದೆ ಈ ಹಾಡು ಶುರುವಾಗಲ್ಲ."

ಹೊಸ ರೆಕಾರ್ಡಿನಲ್ಲಿ ಅವರು ಪಕ್ಕದ ಕೋಣೆಯಲ್ಲಿದ್ದಷ್ಟು ಸ್ಪಷ್ಟವಾಗಿದ್ದಾರೆ. ಮೂರು ಆದಮೇಲೆ ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ನಾನು ಅದನ್ನು ಹಿಂದೆಂದೂ ಕೇಳಿರಲಿಲ್ಲ. ಐವತ್ತು ವರ್ಷ ಮುಚ್ಚಿಡಲು ನೋಡಿದ ಒಡಕನ್ನು ನೀವು ನನಗಾಗಿ ಊರಿಗೆಲ್ಲ ಮತ್ತೆ ಕೇಳಿಸಲು ಒಪ್ಪಿದಿರಿ. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ಶನಿವಾರದ ಕಾರ್ಯಕ್ರಮಕ್ಕೆ ಬರುತ್ತೇನೆ. ಡ್ರಮ್ಸ್‌ಗೆ ಉದ್ದಣ್ಣನ ಮಗಳು ಕೂರುತ್ತಾಳಂತೆ, ಸಂತೋಷ. ಬಾಯಲ್ಲೇ ಎಣಿಸು ಎಂದು ಅವಳಿಗೆ ಹೇಳಿ. 'ನಾಲ್ಕು' ಅಂದರೂ ನನಗೆ ಬೇಸರವಿಲ್ಲ. ನೀವು ಬಿಸಿನೀರು ಕುಡಿಯುವುದನ್ನು ಮರೆಯಬೇಡಿ.

ಎಂದೆಂದಿಗೂ ನಿಮ್ಮ ಋಣದಲ್ಲಿರುವ,
ತಂಗಿ

ತಾ.ಕ.: ರೆಕಾರ್ಡ್ ಸವೆದಿದೆ ಎಂದು ಬರೆದೆನಲ್ಲ, ಸವೆದದ್ದು ಅಂಚಿನ ಒಂದೆರಡು ಗೆರೆ ಮಾತ್ರ. ಮಿಕ್ಕದ್ದು ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದೆ. ಅವರು ಹೋದಮೇಲೆ ದಿನಾ ಹಾಕುತ್ತಿದ್ದೆ, ಅವರು 'ಎತ್ತು' ಎಂದ ಕೂಡಲೇ ಮುಳ್ಳು ಎತ್ತಿಬಿಡುತ್ತಿದ್ದೆ. ಮುಂದಕ್ಕೆ ಬಿಟ್ಟರೆ ಹಾಡು ಮುಗಿದುಹೋಗುತ್ತದಲ್ಲ ಎಂಬ ಭಯ. ನಿನ್ನೆಯೂ ಕೈ ಚಾಚಿಯೇ ನಿಂತಿದ್ದೆ. ಅವರ ಆ ಉಸಿರು ಕೇಳುತ್ತಾ ಒಂದು ಗಳಿಗೆ ತಡವಾಯಿತು, ಅಷ್ಟರಲ್ಲಿ ನಿಮ್ಮ ಗಂಟಲು ಒಡೆಯಿತು. ನನಗೆ ನಗು ಬಂದುಬಿಟ್ಟಿತು. ನಗುತ್ತಾ ಮುಳ್ಳು ಎತ್ತುವುದನ್ನೇ ಮರೆತೆ. ಹಾಡು ಕೊನೆಯವರೆಗೂ ಹೋಯಿತು, ಅಣ್ಣಾ. ಎಷ್ಟು ಚೆನ್ನಾಗಿ ಬಾರಿಸಿದ್ದಾರೆ.