ಶೇಷ ಎಂಟು

ಗೋಕುಲ ರಸ್ತೆ, ಹುಬ್ಬಳ್ಳಿ
೧೨ ಮಾರ್ಚ್ ೧೯೯೮

ಅಮರೇಶ ಅವರಿಗೆ,

ನಮ್ಮ ಟೆಲಿಫೋನ್ ನಂಬರಿನ ನೆಪದಲ್ಲಿ ನಿಶ್ಚಯವಾದ ಮದುವೆ ನಿಲ್ಲಿಸಿದ್ದು ಅನ್ಯಾಯ. "ಅಂಕಿ ಕೂಡಿಸಿದ್ರ ಎಂಟು ಬರ್ತೈತ್ರಿ, ಶನಿ ನಂಬರು" ಎಂದರು ನಿಮ್ಮ ತಂದೆ. ೩೫೨೮೧೭ನ್ನು ಒಂಬತ್ತರಿಂದ ಭಾಗಿಸಿದರೆ ಎಂಟು ಉಳಿಯುತ್ತದೆ. ಅಂಕಿ ಕೂಡಿಸುತ್ತ ಹೋದರೆ ಸಿಗುವುದು ಆ ಶೇಷವೇ. ಅದರಲ್ಲಿ ಶನಿ ಎಲ್ಲಿದ್ದಾನೆ? ನಾನು ಇದನ್ನು ಎರಡು ರೂಪಾಯಿಯ ಗಣಿತದ ಪುಸ್ತಿಕೆಯಲ್ಲಿ ಓದಿ ತಿಳಿದೆ. ನೀವು ಕಾಲೇಜಿನಲ್ಲಿ ಗಣಿತ ಕಲಿಸುವವರು, ಗೊತ್ತಿದ್ದೂ ಚಹಾ ಕುಡಿಯುತ್ತ ಸುಮ್ಮನೆ ಕೂತಿರಿ.

ನಿನ್ನೆ ನಮ್ಮ ಅಪ್ಪ ಟೆಲಿಫೋನ್ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, "ಬ್ಯಾರೆ ನಂಬರ್ ಕೊಡ್ರಿ, ಮಗಳ ಮದುವಿ ಐತಿ" ಎಂದು ಗುಮಾಸ್ತನಿಗೆ ಕೈಮುಗಿದರು. ಆ ಅರ್ಜಿಯನ್ನು ಇವತ್ತು ನಾನೇ ಹಿಂದಕ್ಕೆ ಪಡೆದೆ.

ಈ ಮದುವೆ ನಿಮಗೆ ಬೇಕಿದ್ದರೆ ನಿಮ್ಮ ತಂದೆಯವರನ್ನು ಕರೆತಂದು, ನಮ್ಮ ಅಪ್ಪನ ಎದುರಿಗೇ ಆ ಭಾಗಾಕಾರ ಮಾಡಿ ತೋರಿಸಿ. ರವಿವಾರ ಬೆಳಿಗ್ಗೆ ಹತ್ತು ಗಂಟೆಗೆ, ನಮ್ಮ ಮನೆಯಲ್ಲಿ.

ಉಮಾಶ್ರೀ