ಹನ್ನೊಂದನೇ ನಂಬರಿನ ಜಾಗ

ಅಕ್ಕಾ,

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾರ್ಡು. ಹುಣಸೂರಿನ ಕಡೆಯ ಈ ಸಣ್ಣ ಊರಿನ ಪುರಸಭೆಗೆ ವರ್ಗವಾಗಿ ಬಂದು ತಿಂಗಳಾಯಿತು. ರಸ್ತೆಯಲ್ಲಿ ಸೊಪ್ಪು ಮಾರುವವರನ್ನು ಹೊಸ ಮಾರ್ಕೆಟ್ಟಿನ ಒಳಗೆ ಕೂರಿಸುವುದು ನನ್ನ ಕೆಲಸ. ಚೀಟಿ ಎತ್ತಿ ಇಪ್ಪತ್ತು ಮಳಿಗೆ ಹಂಚಿದೆವು. ಮಾರನೆಯ ದಿನ ನೋಡಿದರೆ ಎಲ್ಲರೂ ಮತ್ತೆ ರಸ್ತೆಯಲ್ಲೇ, ಆದರೆ ಮಳಿಗೆ ನಂಬರಿನ ಪ್ರಕಾರ ಸಾಲಾಗಿ ಕೂತಿದ್ದಾರೆ! ರೇಗಿದೆ. ಹನ್ನೊಂದನೇ ನಂಬರಿನ ಮುದುಕಿ ಕೆಂಪಾಜಮ್ಮ, "ನೀವ್ ಕೊಟ್ಟ ನಂಬರ್‌ನಾಗೇ ಕುಂತಿವಿ ಕಣ್ ಸಾ. ಒಳಕ್ಕೋದ್ರೆ ಬಸ್ ಇಳ್ದೋರ್ಗೆ ನಾವ್ ಕಾಣಕಿಲ್ಲ" ಎಂದಳು.

ನಿಂತು ನಿಂತು ಮೊಣಕಾಲು ಬಾತಿದೆ. ನೀನು ಕಾಸಿಕೊಟ್ಟ ಎಣ್ಣೆ ಮುಗಿಯಿತು, ಇನ್ನೊಂದು ಬಾಟಲಿ ಕಳಿಸು.

ಕೆಂಪಾಜಮ್ಮ ಜ್ವರವೆಂದು ನಾಲ್ಕು ದಿನದಿಂದ ಬಂದಿಲ್ಲ. ಅವಳ ಮೂರಡಿ ಜಾಗ ಹಾಗೇ ಖಾಲಿ ಇದೆ, ಒಂದು ಕಟ್ಟು ಸೊಪ್ಪನ್ನೂ ಯಾರೂ ಅತ್ತ ಸರಿಸಿಲ್ಲ. ನಾಳೆ ಪೊಲೀಸರು ಬಂದು ಈ ಸಾಲನ್ನೆಲ್ಲ ಎಬ್ಬಿಸುತ್ತಾರೆ, ಆದೇಶಕ್ಕೆ ಸಹಿ ನನ್ನದೇ. ಕಾಲು ನೋವೆಂದು ಆ ಜಾಗದಲ್ಲಿ ಕೂರಲು ಹೋದೆ. "ಅಲ್ಲಿ ಬ್ಯಾಡಿ ಸಾ, ನಾಳೀಕೆ ಕೆಂಪಾಜಮ್ಮ ಬತ್ತಾಳೆ" ಎಂದು ಹನ್ನೆರಡನೇ ನಂಬರಿನವಳು ತನ್ನ ಗೋಣಿಚೀಲವನ್ನೇ ಬಿಟ್ಟುಕೊಟ್ಟಳು. ಅದರ ಮೇಲೆ ಕೂತೇ ಬರೆಯುತ್ತಿದ್ದೇನೆ.

ನಿನ್ನ ತಮ್ಮ,
ಶಾಂತಾರಾಮ